ಖರ್ಜೂರವಾಗಿ ಕಂಡ ರಾಶಿ ಅಡಿಕೆ

ಕಳೆದ ಸುಗ್ಗಿಯಲ್ಲಿ ಒಂದು ವಾರ ನಮ್ಮ ಅಡಿಕೆ ವಿಂಗಡಿಸುವ ಯಂತ್ರ ಒಳ್ಳೆಯ ದರ್ಜೆಯ ರಾಶಿ ಅಡಿಕೆಯನ್ನೇ ಹುಡುಕಿ ಹುಡುಕಿ ಕಡಿಮೆ ದರ್ಜೆಯ ಗೊರಬಲಿನ ಡಬ್ಬಿಗೆ ಊದಿತು. ಬೆಲ್ಟಿನ ಮೇಲೆ ಓಡುವ ಅಡಿಕೆಯ ಚಿತ್ರವನ್ನು ಕ್ಯಾಮೆರಾ ತೆಗೆಯುತ್ತದೆ, ಅದನ್ನು ನೋಡಿ ಯಂತ್ರ ಗಾಳಿ ಊದಿ ಬೇರೆ ಮಾಡುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಶೆಡ್ಡಿನಲ್ಲಿ ಅದನ್ನು ಕೂರಿಸಿಕೊಟ್ಟವರಿಗೆ ಫೋನ್ ಮಾಡಿದರೆ ಒಂದೇ ಉತ್ತರ: ಇನ್ನೂ ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾ ಹಾಕಿಸಿ. ಅದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಬೆಲೆಪಟ್ಟಿಯೂ ಬಂತು. ಆ ಒಂದು ವಿಷಯದಲ್ಲಿ ಅವರ ಟೈಮಿಂಗ್ ಬಲು ನಿಖರ.

ಕ್ಯಾಮೆರಾ ತೆಗೆದ ಚಿತ್ರಗಳನ್ನು ನಾನೇ ತೆರೆದು ನೋಡಿದೆ. ಗುಂಡಗಿನ ಅಡಿಕೆ ಖರ್ಜೂರದಂತೆ ಉದ್ದವಾಗಿ, ಎರಡೂ ತುದಿ ಮಸುಕಾಗಿ ಕಾಣುತ್ತಿತ್ತು. ಪಾಪ, ಯಂತ್ರ ಏನು ಮಾಡೀತು! ಎಕ್ಸ್‌ಪೋಷರ್ ಅನ್ನು, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, ಆಟೊದಲ್ಲಿ ಬಿಟ್ಟು ಹೋಗಿದ್ದರು. ಮಂಜು ಮುಸುಕಿದ ಬೆಳಗಿನಲ್ಲಿ ಬೆಳಕು ಸಾಲದೆ ಅದು 10 ಮಿಲಿಸೆಕೆಂಡಿಗೆ ಏರಿತ್ತು. ಸೆಕೆಂಡಿಗೆ ಒಂದು ಮೀಟರ್ ಓಡುವ ಬೆಲ್ಟಿನ ಮೇಲೆ ಅಷ್ಟರಲ್ಲಿ ಅಡಿಕೆ 10 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಪಿಕ್ಸೆಲ್ ಎಷ್ಟಿದ್ದರೇನು?

ಆಟೊ ತೆಗೆದು 200 ಮೈಕ್ರೊಸೆಕೆಂಡಿಗೆ, ಅಂದರೆ 0.2 ಮಿಲಿಸೆಕೆಂಡಿಗೆ, ಇಳಿಸಿದೆ. ಈಗ ಅಡಿಕೆ ಸರಿಯುವುದು 0.2 ಮಿಲಿಮೀಟರ್ ಮಾತ್ರ. ಆದರೆ ಚಿತ್ರ ಕತ್ತಲು. ಗೇನ್, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್, ಏರಿಸಿದರೆ ಚಿತ್ರದ ತುಂಬ ಕಾಳುಕಾಳು, ಒಳ್ಳೆಯ ಅಡಿಕೆಗೂ ಬೂಸಲು ಹಿಡಿದಂತೆ. ಸಾಲದ್ದಕ್ಕೆ ಒಂದು ಅಡಿಕೆ ಕೆಂಪು, ಮುಂದಿನದು ಕಪ್ಪು. ಅದು ಶೆಡ್ಡಿನ ಟ್ಯೂಬ್‌ಲೈಟಿನ ಕಿತಾಪತಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದರ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 10 ಮಿಲಿಸೆಕೆಂಡಿನಲ್ಲಿ ಒಂದು ಪೂರ್ತಿ ಏರಿಳಿತ ಅಡಗಿಹೋಗುತ್ತಿತ್ತು; 200 ಮೈಕ್ರೊಸೆಕೆಂಡಿಗೆ ಸಿಗುವುದು ಅದರ ಒಂದು ಚೂರು. ಕ್ಯಾಮೆರಾದ ಸುತ್ತ ಪೆಟ್ಟಿಗೆ ಕಟ್ಟಿ, ಏರಿಳಿತವಿಲ್ಲದೆ ಉರಿಯುವ ಡಿಸಿ ಎಲ್‌ಇಡಿ ದೀಪ ಹಾಕಿದ ಮೇಲೆ ಬಣ್ಣ ನಿಂತಿತು.

ಇನ್ನು ಟ್ರಿಗರ್, ಅಂದರೆ ಯಾವಾಗ ಚಿತ್ರ ತೆಗೆಯಬೇಕೆಂದು ಕ್ಯಾಮೆರಾಗೆ ಹೇಳುವ ಸಂಕೇತ. ಬೆಲ್ಟಿನ ಪಕ್ಕ ಸೆನ್ಸರ್ ಇತ್ತು, ಅಡಿಕೆ ಎಣಿಸುವುದಕ್ಕೆ! ಕ್ಯಾಮೆರಾಗೆ ಅದರ ತಂತಿಯೇ ಇರಲಿಲ್ಲ. ಅದು ತನ್ನ ಪಾಡಿಗೆ ಸೆಕೆಂಡಿಗೆ 30 ಚಿತ್ರ ತೆಗೆಯುತ್ತಿತ್ತು. ಎರಡು ಚಿತ್ರಗಳ ನಡುವೆ ಬೆಲ್ಟ್ 33 ಮಿಲಿಮೀಟರ್ ಓಡುವುದರಿಂದ ಗಾಳಿಯ ಊದು ಪಕ್ಕದ ಅಡಿಕೆಗೆ ಬೀಳುತ್ತಿತ್ತು. ಸೆನ್ಸರನ್ನು ಕ್ಯಾಮೆರಾದ ಇನ್‌ಪುಟ್‌ಗೆ ಜೋಡಿಸಿ ಟ್ರಿಗರ್ ಮೋಡ್ ಆನ್ ಮಾಡಿದೆ. ಸೆನ್ಸರ್‌ನಿಂದ ಕ್ಯಾಮೆರಾದ ನಡುಮಧ್ಯಕ್ಕೆ 4 ಸೆಂಟಿಮೀಟರ್, ಅಂದರೆ 40 ಮಿಲಿಸೆಕೆಂಡ್ ತಡ. ತಡದ ಖಾನೆಯಲ್ಲಿ 40 ಎಂದು ಬರೆದು ಅರ್ಧ ಗಂಟೆ ಖಾಲಿ ಬೆಲ್ಟಿನ ಚಿತ್ರ ನೋಡಿದೆ. ಆ ಖಾನೆಯ ಲೆಕ್ಕ ಮೈಕ್ರೊಸೆಕೆಂಡಿನದು, 40000 ಬರೆಯಬೇಕಿತ್ತು. ಈ ದಡ್ಡತನ ಮಾತ್ರ ನನ್ನದೇ.

ಆಮೇಲೆ ಸಿಪ್ಪೆಯ ನಾರು ಹಾದುಹೋದರೂ ಚಿತ್ರ ಬೀಳತೊಡಗಿತು. ನಾರು ಸೆನ್ಸರನ್ನು ದಾಟಲು ಒಂದೆರಡು ಮಿಲಿಸೆಕೆಂಡ್ ಸಾಕು, ಅಡಿಕೆಗೆ ಸುಮಾರು 20 ಬೇಕು. ಡಿಬೌನ್ಸ್, ಅಂದರೆ ಸಂಕೇತ ಇಷ್ಟು ಹೊತ್ತು ನಿಂತರೆ ಮಾತ್ರ ನಂಬು ಎಂಬ ಸೆಟ್ಟಿಂಗ್, 3 ಮಿಲಿಸೆಕೆಂಡ್ ಇಟ್ಟೆ. ಆ ಕಾಯುವಿಕೆಯೂ ತಡಕ್ಕೆ ಸೇರುತ್ತದೆ, ಕಳೆದರೆ 37000.

ಕ್ಯಾಮೆರಾ ಹಳೆಯದೇ ಇದೆ. ಯಂತ್ರ ಮಾರುವವರು ಈ ನಾಲ್ಕಾರು ಸಂಖ್ಯೆಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಡದಿದ್ದರೆ ಕೊನೆಯ ಕಂತು ಕೊಡಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ನಾನಂತೂ ಮಾರ್ಕರ್‌ನಿಂದ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿದ್ದೇನೆ. ಅದೂ ಮರುದಿನ ಕರೆಂಟ್ ಹೋಗಿ ಬಂದಾಗ ಕ್ಯಾಮೆರಾ ಎಲ್ಲವನ್ನೂ ಮರೆತು ಮತ್ತೆ ಖರ್ಜೂರ ತೋರಿಸಿದ ಮೇಲೆ. ಯೂಸರ್ ಸೆಟ್‌ನಲ್ಲಿ, ಅಂದರೆ ಕರೆಂಟ್ ಹೋದರೂ ಅಳಿಯದ ಕ್ಯಾಮೆರಾದ ನೆನಪಿನಲ್ಲಿ, ಉಳಿಸುವುದನ್ನೇ ಬಿಟ್ಟಿದ್ದೆ.