ಪರದೆ ಎಳೆದು ಸೂರ್ಯನನ್ನು ತೋರಿಸಿದ ಪಾಠ

ಸೂರ್ಯನನ್ನು ನೋಡಬೇಕಾದರೆ ಮೊದಲು ಕಿಟಕಿಯ ಪರದೆ ಎಳೆಯಬೇಕು. ಈ ಜ್ಞಾನೋದಯ ನನಗೆ ಇಂದು ಬೆಳಗ್ಗೆ ಆಯಿತು.

ಮಗಳ ತರಗತಿಯಲ್ಲಿ ಸೂರ್ಯ ಮತ್ತು ಬೆಳಕಿನ ಬಗ್ಗೆ 'ಮಾಡಿ ಕಲಿ' ಕಾರ್ಯಕ್ರಮ, ಪೋಷಕರಿಗೂ ಕರೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆ ಬಿಸಿಲಿನಿಂದಾಗಿ ಪ್ರೊಜೆಕ್ಟರಿನ ಚಿತ್ರ ಕಾಣುವುದಿಲ್ಲವೆಂದು ಪರದೆಗಳನ್ನೆಲ್ಲ ಎಳೆದರು. ಆಮೇಲೆ ಗೋಡೆಯ ಮೇಲೆ ಸೂರ್ಯೋದಯವಾಯಿತು, ಸಂಗೀತದ ಸಮೇತ. ದೂರ ಎಷ್ಟು? ಹದಿನೈದು ಕೋಟಿ ಕಿಲೋಮೀಟರ್! ಬೆಳಕು ಬರಲು ಎಷ್ಟು ಹೊತ್ತು? ಎಂಟು ನಿಮಿಷ ಇಪ್ಪತ್ತು ಸೆಕೆಂಡ್! ಮಕ್ಕಳು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ಇನ್ನು 'ಮಾಡುವ' ಭಾಗ: ಮೊದಲೇ ಕತ್ತರಿಸಿಟ್ಟ ಹಳದಿ ವೃತ್ತಕ್ಕೆ ಮೊದಲೇ ಕತ್ತರಿಸಿಟ್ಟ ಕಿರಣಗಳನ್ನು ಅಂಟಿಸುವುದು. ಅಂಟು ಮಾತ್ರ ಮಕ್ಕಳದು.

ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ನನ್ನ ಕಣ್ಣಿಗೆ ಬಿದ್ದಳು. ಪರದೆಯ ಮೇಲ್ಭಾಗದಲ್ಲಿ ನೂಲು ಹರಿದು ಸಣ್ಣ ತೂತಾಗಿತ್ತು. ಅಲ್ಲಿಂದ ಬಂದ ಬೆಳಕು ಅವಳ ನೋಟ್‌ಬುಕ್ಕಿನ ಮೇಲೆ ಮೊಟ್ಟೆಯಾಕಾರದ ಮಚ್ಚೆಯಾಗಿ ಬಿದ್ದಿತ್ತು. ಅವಳು ಪುಸ್ತಕವನ್ನು ಮೆಲ್ಲಗೆ ಓರೆ ಮಾಡಿದಳು, ಮೊಟ್ಟೆ ದುಂಡಗಾಯಿತು. ಪುಸ್ತಕಕ್ಕೆ ಪೆನ್ಸಿಲ್ ಡಬ್ಬಿಯನ್ನು ಆನಿಸಿ ನಿಲ್ಲಿಸಿ, ಮಚ್ಚೆಯ ಸುತ್ತ ಗೆರೆ ಎಳೆದಳು. ಎರಡು ನಿಮಿಷ ಕಳೆಯುವಷ್ಟರಲ್ಲಿ ಮಚ್ಚೆ ಆ ಗೆರೆಯಿಂದ ಪೂರ್ತಿ ಜಾರಿ ಪಕ್ಕಕ್ಕೆ ನಿಂತಿತ್ತು. ಮತ್ತೊಂದು ಗೆರೆ ಎಳೆದಳು. ಬಳಿಕ ಮೂರನೆಯದು.

"ಮಿಸ್, ಇದು ಓಡುತ್ತಿದೆ" ಎಂದಳು.

ಶಿಕ್ಷಕಿ ಬಂದರು, ಕುರ್ಚಿ ಹತ್ತಿದರು, ತೂತಿಗೆ ಅಂಟುಪಟ್ಟಿ ಹಚ್ಚಿದರು. "ಈಗ ಇಲ್ಲಿ ಗಮನ ಕೊಡು."

ನನ್ನ ರಕ್ತದೊತ್ತಡ ಎಲ್ಲಿಗೆ ಏರಿತೆಂದು ವಿವರಿಸುವುದಿಲ್ಲ.

ಆ ಮಚ್ಚೆ ಬರೀ ಬೆಳಕಲ್ಲ, ಸಾಕ್ಷಾತ್ ಸೂರ್ಯನ ಬಿಂಬ. ತೂತು ಚಿಕ್ಕದಿದ್ದರೆ ಅದು ಚೌಕವಿರಲಿ, ಹರಕು ಮುರುಕಾಗಿರಲಿ, ತುಸು ದೂರದಲ್ಲಿ ಬೀಳುವ ಬಿಂಬ ದುಂಡಗೇ ಇರುತ್ತದೆ, ಏಕೆಂದರೆ ಸೂರ್ಯ ದುಂಡಗಿದ್ದಾನೆ. ಮರದ ನೆರಳಿನಲ್ಲಿ ಚೆಲ್ಲಿರುವ ಬೆಳಕಿನ ಬಿಲ್ಲೆಗಳೂ ಇವೇ. ಪಾರ್ಶ್ವ ಗ್ರಹಣದ ದಿನ ಅವೆಲ್ಲ ಕುಡುಗೋಲಿನಂತೆ ಬಾಗುತ್ತವೆ. ಸೂರ್ಯನ ದೂರ ಅವನ ವ್ಯಾಸದ ಸುಮಾರು 108 ಪಟ್ಟು. ತೂತಿನ ದೂರವೂ ಬಿಂಬದ ವ್ಯಾಸದ ಅಷ್ಟೇ ಪಟ್ಟು. ಹಾಗಾಗಿ ಎರಡು ಮೀಟರ್ ಆಚೆಯ ತೂತಿನಿಂದ ಬರುವ ಬಿಂಬ ಎರಡು ಸೆಂಟಿಮೀಟರಿಗೆ ತುಸು ಕಡಿಮೆ ಇರುತ್ತದೆ. ಅಡಿಪಟ್ಟಿಯಿಂದ ಬಿಂಬವನ್ನೂ ತೂತಿನ ದೂರವನ್ನೂ ಅಳೆದು, ಒಪ್ಪಿಸಿದ ಆ ಹದಿನೈದು ಕೋಟಿಯನ್ನು ಜೊತೆಗಿಟ್ಟು ಲೆಕ್ಕ ಹಾಕಿದ್ದರೆ ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಎಂದು ಆ ಹುಡುಗಿಯೇ ಹೇಳುತ್ತಿದ್ದಳು. ಅದು ಓಡುತ್ತಿದ್ದುದು ಭೂಮಿ ತಿರುಗುತ್ತಿರುವುದಕ್ಕೆ. ಭೂಮಿ ತಿರುಗುವುದನ್ನು ಪೆನ್ಸಿಲ್ಲಿನಲ್ಲಿ ಹಿಡಿದ ಮಗುವಿಗೆ ಗಮನ ಕೊಡು ಎಂದರು! ಅಂದಹಾಗೆ, ಆ ಬಿಂಬ ಬೆಳ್ಳಗಿತ್ತು. ಅಂಟಿಸಲು ಕೊಟ್ಟದ್ದು ಹಳದಿ.

ಬಿಸಿಲಿಗೆ ಕರೆದೊಯ್ದರೆ ಮಕ್ಕಳು ಸೂರ್ಯನನ್ನೇ ದಿಟ್ಟಿಸಿಬಿಡುತ್ತಾರೆ ಎಂದು ಪಕ್ಕದಲ್ಲಿದ್ದ ಪೋಷಕರೊಬ್ಬರು ಹೇಳಿದರು. ಒಪ್ಪಿದೆ. ಬರಿಗಣ್ಣಿನಿಂದ ನೋಡಲೇಬಾರದು, ದುರ್ಬೀನಿನಿಂದಂತೂ ಕನಸಿನಲ್ಲೂ ಬೇಡ, ಕಣ್ಣಿನ ಅಕ್ಷಿಪಟಲ ಸುಟ್ಟೀತು. ಆದರೆ ರಟ್ಟಿನಲ್ಲಿ ಸಣ್ಣ ತೂತು ಮಾಡಿ ಇಂಥದೇ ಬಿಂಬ ಬೀಳಿಸುವ ಪ್ರಯೋಗದಲ್ಲಿ ಮಗು ನಿಲ್ಲುವುದೇ ಸೂರ್ಯನಿಗೆ ಬೆನ್ನು ಮಾಡಿ. ಪಾಠ ಮುಗಿಸಲು ಸಮಯವಿಲ್ಲ ಎಂಬುದು ಇನ್ನೊಂದು ರಾಗ. ನೆಟ್ಟಗೆ ಕೋಲು ನೆಟ್ಟು ಅದರ ನೆರಳಿನ ತುದಿಗೆ ಗಂಟೆಗೊಮ್ಮೆ ಕಲ್ಲಿಡಲು ಬೇಕಾಗುವುದು ಅರ್ಧ ನಿಮಿಷ. ಕಿರಣ ಅಂಟಿಸಲು ನಲವತ್ತು ನಿಮಿಷ ಸಿಕ್ಕಿತ್ತಲ್ಲ?

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ಹೋದ ವರ್ಷ ಮಗಳು ಅಂಗಳದಲ್ಲಿ ಕೋಲು ನೆಟ್ಟು ಐದೈದು ನಿಮಿಷಕ್ಕೆ ನೆರಳು ಅಳೆದು, ಅತಿ ಚಿಕ್ಕ ನೆರಳು 12 ಗಂಟೆ 20 ನಿಮಿಷಕ್ಕೆ ಎಂದು ಬರೆದಿದ್ದಳು. "ಮಧ್ಯಾಹ್ನ ಎಂದರೆ ಹನ್ನೆರಡು ಪುಟ್ಟಾ, ಕೋಲು ವಾಲಿರಬೇಕು, ಸರಿ ಮಾಡಿ ಬರೆ" ಎಂದೆ. ಅವಳು ಅಳಿಸಿ 12 ಎಂದು ಬರೆದಳು. ಗಡಿಯಾರ ಇಡೀ ದೇಶಕ್ಕೆ ಒಂದೇ ಇರಬಹುದು. ಸೂರ್ಯ ನೆತ್ತಿಯ ಗೆರೆ ದಾಟುವ ಹೊತ್ತು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಕೋಲು ನೆಟ್ಟಗಿತ್ತು, ಅಳತೆಯೂ ಸರಿ ಇತ್ತು. ಇದು ನನಗೆ ಹೊಳೆದದ್ದು ವಾರದ ನಂತರ, ಆಗಲೂ ಅವಳಿಗೆ ಹೇಳಲಿಲ್ಲ. ಅಪ್ಪನ ಮರ್ಯಾದೆಯ ಪ್ರಶ್ನೆ ನೋಡಿ. ನಾನು ಹಚ್ಚಿದ ಅಂಟುಪಟ್ಟಿ ಅದು.

ಇಂದು ಮನೆಗೆ ಬರುವ ದಾರಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನಗೆ ಆಗಲೇ ಗೊತ್ತಿತ್ತು ಅಪ್ಪ. ಮಾರನೆಯ ದಿನ ಮತ್ತೆ ಅಳೆದಿದ್ದೆ" ಎಂದಳು.

ಹೊರಡುವ ಮುನ್ನ ತರಗತಿ ಖಾಲಿಯಾದಾಗ ಕುರ್ಚಿ ಹತ್ತಿ ಆ ಪಟ್ಟಿಯನ್ನು ಕಿತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಬಿಂಬ ಮೊದಲಿನ ಜಾಗದಿಂದ ಹೆಚ್ಚುಕಡಿಮೆ ಒಂದು ಮೊಳ ಸರಿದು, ಯಾರೋ ಬಿಟ್ಟುಹೋದ ಹಳದಿ ಕಾಗದದ ಸೂರ್ಯನ ಅಂಚನ್ನು ಮುಟ್ಟಿತ್ತು.