ಎಣ್ಣೆ ಕ್ಯಾನ್ ಸಂಭಾವನೆಯಲ್ಲ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಅಡುಗೆ, ಸೀರೆ, ಊರ ತಿಂಡಿಗಳ ವಿಡಿಯೊ ಮಾಡುವವರು ಈಗ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬಳು. ನಮಗೆ ಬರುವ ಕರೆಗಳದ್ದು ಹೆಚ್ಚುಕಡಿಮೆ ಒಂದೇ ಧಾಟಿ: "ಮೇಡಂ, ನಮ್ಮದು ಸಣ್ಣ ಕಂಪನಿ. ಐದು ಲೀಟರ್ ಎಣ್ಣೆ ಕಳುಹಿಸುತ್ತೇವೆ, ಒಂದು ರೀಲ್ಸ್ ಮಾಡಿಕೊಡಿ." ಇದಕ್ಕೆ ಯಾರೂ ಹೂಂ ಎನ್ನಬಾರದು. ಮಂಡಕ್ಕಿ ಭಟ್ಟಿಯಲ್ಲಿ ದುಡಿದವರಿಗೆ ಕೂಲಿಯ ಬದಲು ಮಂಡಕ್ಕಿ ಅಳೆದುಕೊಟ್ಟರೆ ಊರು ಒಪ್ಪುತ್ತದೆಯೇ?

ಸಣ್ಣ ಕಂಪನಿಗಳ ಮೇಲೆ ನನಗೆ ಸಿಟ್ಟಿಲ್ಲ. ಶೇಂಗಾ ದರ ಏರಿದ ವರ್ಷ ಗಾಣದ ಎಣ್ಣೆಯವರ ಕೈಗೆ ಎಷ್ಟು ಉಳಿಯುತ್ತದೆಂದು ನೋಡಿದ್ದೇನೆ. ಅವರಲ್ಲಿ ಹಣ ಕಡಿಮೆ ಇದ್ದರೆ ಕೆಲಸವನ್ನು ಕಡಿಮೆ ಮಾಡೋಣ, ದರವನ್ನಲ್ಲ. ನನ್ನ ವಾದವೆಲ್ಲ ಇಷ್ಟೇ.

ಚಳ್ಳಕೆರೆ ಕಡೆಯ ಎಣ್ಣೆ ವ್ಯಾಪಾರಿಯೊಬ್ಬರು ಮಾತಿಗೆ ಬಂದಾಗ ನಾನು ಹನ್ನೆರಡು ಸಾವಿರ ಕೇಳಿದೆ. ಅವರಲ್ಲಿ ಇದ್ದದ್ದು ಐದು. "ಅಣ್ಣಾ, ಹನ್ನೆರಡರಲ್ಲಿ ಏನೇನು ಸೇರಿದೆ ನೋಡಿ" ಎಂದು ಬಿಡಿಸಿ ಹೇಳಿದೆ. ಚಿತ್ರೀಕರಣ, ಸಂಕಲನಕ್ಕೆ ಇಷ್ಟು. ನನ್ನ ವಿಡಿಯೊವನ್ನು ಅವರು ತಮ್ಮ ಜಾಹೀರಾತಿನಲ್ಲಿ ಮೂರು ತಿಂಗಳು ಓಡಿಸಲು ಇಷ್ಟು. ಆ ಮೂರು ತಿಂಗಳು ನಾನು ಬೇರೆ ಎಣ್ಣೆಯ ಹೆಸರೆತ್ತದೆ ಇರಲು ಇಷ್ಟು. ಕೊನೆಯ ಎರಡನ್ನು ಅವರೇ ಬಿಟ್ಟರು. ಅರ್ಧ ನಿಮಿಷದ ಒಂದು ವಿಡಿಯೊ, ಒಂದೇ ತಿದ್ದುಪಡಿ, ಐದು ಸಾವಿರ. ಇಬ್ಬರಿಗೂ ಮುಜುಗರವಾಗಲಿಲ್ಲ. ಮತ್ತೆ ದೀಪಾವಳಿಗೆ ಅವರೇ ಕರೆದರು.

"ನಿಮ್ಮ ಕೂಪನ್‌ನಿಂದ ಮಾರಾಟವಾದರೆ ಶೇ 10" ಎನ್ನುವವರಿಗೆ ನಾನು ನೇರವಾಗಿ ಇಲ್ಲ ಎನ್ನುತ್ತೇನೆ. ಬೆಲೆ ನಿಗದಿ ಮಾಡುವುದು ನಾನಲ್ಲ. ದಾಸ್ತಾನು ಮುಗಿದರೆ, ಕೊರಿಯರ್‌ನಲ್ಲಿ ಕ್ಯಾನ್ ಸೋರಿದರೆ, ಗ್ರಾಹಕರ ಫೋನ್ ಯಾರೂ ಎತ್ತದಿದ್ದರೆ ಮಾರಾಟ ಬೀಳುತ್ತದೆ; ಆ ನಷ್ಟವನ್ನು ನನ್ನ ಕೂಲಿಯಲ್ಲಿ ಕಳೆಯುವುದು ಯಾವ ನ್ಯಾಯ? ಮೊದಲು ನಿಗದಿತ ಹಣ, ಅದರ ಮೇಲೆ ಕಮಿಷನ್ ಎಂದರೆ ಸಂತೋಷ.

ಇನ್ನು ಹೊಣೆಯ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಜೊತೆಗೆ ಅದನ್ನು ಹೊಗಳಿದವರಿಗೂ ₹10 ಲಕ್ಷದವರೆಗೆ ದಂಡ ಬೀಳಬಹುದು. ಪುಕ್ಕಟೆ ವಸ್ತು ಪಡೆದು ಹೊಗಳಿದರೂ ಅದನ್ನು ನೋಡುಗರಿಗೆ ತಿಳಿಸಲೇಬೇಕು. ಹೀಗಿರುವಾಗ ಈ ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿ ಎಂದು ಹೇಳಿಸಲು ಬರುವವರೂ ಇದ್ದಾರೆ. ಅವರಿಗೆ ನನ್ನಲ್ಲಿ ಯಾವ ದರವೂ ಇಲ್ಲ. ನನ್ನ ಮಾತು ನಂಬಿ ಮಾತ್ರೆ ಬಿಟ್ಟ ಯಾರದೋ ತಾಯಿಗೆ ನಾನು ಏನೆಂದು ಉತ್ತರಿಸಲಿ?

ಪುಕ್ಕಟೆ ವಸ್ತುವನ್ನು ಆದಾಯ ತೆರಿಗೆಯವರು ಪುಕ್ಕಟೆ ಎಂದು ಬಿಡುವುದಿಲ್ಲ. 2022ರ ಜುಲೈಯಲ್ಲಿ ಜಾರಿಗೆ ಬಂದ ನಿಯಮದಂತೆ, ಪ್ರಚಾರಕ್ಕೆ ಕೊಟ್ಟ ವಸ್ತುವನ್ನು ನಾವೇ ಇಟ್ಟುಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ; ವರ್ಷಕ್ಕೆ ₹20,000 ಮೀರಿದರೆ ಕೊಟ್ಟ ಕಂಪನಿ ಶೇ 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಟ್ಟಬೇಕು. ಆ ಎಣ್ಣೆಯಲ್ಲಿ ನಾನು ಮನೆ ಬಾಡಿಗೆ ಕಟ್ಟಲಾರೆ.

ಹೊಸಬರಿಗೆ ಒಂದು ಮಾತು: ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಮಾಡಿಸಿ. ಆನ್‌ಲೈನ್‌ನಲ್ಲಿ ಉಚಿತ, ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ, ಲಿಖಿತ ಒಪ್ಪಂದ ಇದ್ದರೂ ನೋಂದಾಯಿತ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಸಂದಾಯವಾಗಬೇಕು, ತಡವಾದರೆ ಬಡ್ಡಿ ಕೇಳಬಹುದು. ಆದರೂ ಅರ್ಧ ಹಣ ಮುಂಗಡ ಪಡೆಯದೆ ಕ್ಯಾಮೆರಾ ಎತ್ತಬೇಡಿ. ಮಾತಾದದ್ದನ್ನು ಅಂದೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು "ಒಪ್ಪಿಗೆ" ಎಂಬ ಉತ್ತರ ತರಿಸಿಕೊಳ್ಳಿ.

ನಾವು ಒಬ್ಬರಿಗೊಬ್ಬರು ದರ ಹೇಳಿಕೊಳ್ಳದೆ ಇರುವುದರಿಂದಲೇ ಪ್ರತಿ ಹೊಸಬರನ್ನೂ ಎಣ್ಣೆ ಕ್ಯಾನ್‌ಗೆ ಒಪ್ಪಿಸಲು ಆಗುತ್ತಿದೆ. ನನ್ನ ದರಪಟ್ಟಿ ಬೇಕಾದವರು ಸಂದೇಶ ಕಳುಹಿಸಿ, ಇದ್ದ ಹಾಗೆಯೇ ಕೊಡುತ್ತೇನೆ. ನಿಮ್ಮದನ್ನೂ ನನಗೆ ಕಳುಹಿಸಿ.