ಹರಿಶ್ಚಂದ್ರನಿಗೇ ಬಣ್ಣ ಬಳಿದ ಮೇಲೆ

ಹಳೆಯ ಸಿನಿಮಾ ಮತ್ತು ಧಾರಾವಾಹಿಗಳ ವಿಷಯದಲ್ಲಿ ಸಭ್ಯ ಸಮಾಜವು ಒಂದೇ ಒಂದು ಅಭಿಪ್ರಾಯಕ್ಕೆ ಪರವಾನಗಿ ಕೊಟ್ಟಿದೆ: ಅವು ಅದ್ಭುತ, ಈಗಿನವು ಕಸ. ಈ ಅಭಿಪ್ರಾಯದ ದೊಡ್ಡ ಅನುಕೂಲವೆಂದರೆ ಇದನ್ನು ಇಟ್ಟುಕೊಳ್ಳಲು ಹಳೆಯದನ್ನಾಗಲಿ ಈಗಿನದನ್ನಾಗಲಿ ನೋಡಿರಬೇಕಾದ ಅಗತ್ಯವಿಲ್ಲ. ತೊಂದರೆಯೆಲ್ಲ ನೋಡಿದವರಿಗೆ. ಒಂದು ಕಂತನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿ, ‘ಇದರಲ್ಲಿ ಅರ್ಧ ಚೆನ್ನಾಗಿದೆ, ಇನ್ನರ್ಧ ಎಳೆದಿದ್ದಾರೆ’ ಎಂದು ಬಾಯಿಬಿಟ್ಟವನನ್ನು ಸಂಸ್ಕೃತಿಯ ಶತ್ರುಗಳ ಪಟ್ಟಿಗೆ ಸೇರಿಸಲಾಗುತ್ತದೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿ ಎಂಬ ಉದ್ದೇಶದಿಂದಲೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

1987ರ ಜನವರಿಯಲ್ಲಿ ಶುರುವಾದ ರಮಾನಂದ ಸಾಗರರ ‘ರಾಮಾಯಣ’ವನ್ನೇ ತೆಗೆದುಕೊಳ್ಳೋಣ. ಅದರ ಯುದ್ಧದ ಕಂತುಗಳಲ್ಲಿ ಎಡಗಡೆಯಿಂದ ಒಂದು ಬಾಣ ಹೊರಡುತ್ತದೆ, ಬಲಗಡೆಯಿಂದ ಇನ್ನೊಂದು. ಎರಡಕ್ಕೂ ಅವಸರವೆಂಬುದಿಲ್ಲ. ಆಕಾಶದ ನಟ್ಟನಡುವೆ ಅವು ಎದುರಾಗುತ್ತವೆ, ಒಂದಿಷ್ಟು ಕಿಡಿ ಹಾರುತ್ತದೆ, ಒಂದು ಬಾಣ ಮಾಯವಾಗುತ್ತದೆ. ಬಳಿಕ ಬಿಟ್ಟವನ ಮುಖ, ಬಿಡಿಸಿಕೊಂಡವನ ಮುಖ, ನೋಡುತ್ತ ನಿಂತವರ ಮುಖ, ಮತ್ತೆ ಬತ್ತಳಿಕೆಗೆ ಹೋಗುವ ಕೈ. 52 ಕಂತಿಗೆಂದು ಹೊರಟ ಕಥೆ ಜನರ ಒತ್ತಾಯದಿಂದ 78ಕ್ಕೆ ಮುಟ್ಟಿದ್ದರಲ್ಲಿ ಈ ಬಾಣಗಳ ಸಾವಧಾನದ ಪಾಲೂ ಇದ್ದೀತು. ಹೀಗೆಂದ ಮಾತ್ರಕ್ಕೆ ಆ ಧಾರಾವಾಹಿಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಅದರ ಪಾತ್ರಧಾರಿಗಳು ಮಾತನಾಡದೆ ಸುಮ್ಮನೆ ನಿಂತಾಗಲೂ ದೃಶ್ಯವನ್ನು ಹಿಡಿದಿಡಬಲ್ಲವರಾಗಿದ್ದರು. ಅದೇ ಕಾಲದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಕ್ಯಾಮೆರಾ ಇಟ್ಟು ‘ಮಾಲ್ಗುಡಿ ಡೇಸ್’ ಮಾಡಿದರು. ಅಲ್ಲಿನ ಸಣ್ಣಕಥೆಗಳು ಬಹುತೇಕ ಒಂದೇ ಕಂತಿನಲ್ಲಿ ಹುಟ್ಟಿ ಬೆಳೆದು ಮುಗಿಯುತ್ತವೆ, ಮತ್ತು ಅವು ಇಂದಿಗೂ ನೋಡಿಸಿಕೊಂಡು ಹೋಗುವುದಕ್ಕೆ ಮುಖ್ಯ ಕಾರಣ ಅವುಗಳ ವಯಸ್ಸಲ್ಲ, ಮುಗಿಸಬೇಕಾದಲ್ಲಿ ಮುಗಿಸುವ ಅವುಗಳ ಬುದ್ಧಿ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಸಂಪ್ರದಾಯದಲ್ಲಿ ಇಂಥ ವ್ಯತ್ಯಾಸವನ್ನು ಎತ್ತಿ ತೋರಿಸುವುದು ಅಪಶಕುನ.

2020ರಲ್ಲಿ ಊರೆಲ್ಲ ಬೀಗ ಹಾಕಿಕೊಂಡು ಕುಳಿತಾಗ ‘ರಾಮಾಯಣ’ ಮರುಪ್ರಸಾರವಾಯಿತು. ಏಪ್ರಿಲ್ 16ರಂದು 7.7 ಕೋಟಿ ಜನ ನೋಡಿದರು, ಇದು ವಿಶ್ವದಾಖಲೆ ಎಂದು ದೂರದರ್ಶನ ಸಾರಿತು. ಹೊರಗೆ ಕಾಲಿಡುವಂತಿಲ್ಲದ ಜನ ಮನೆಯೊಳಗೆ ಟೀವಿ ನೋಡಿದ್ದನ್ನು ಸಾಧನೆಯ ಲೆಕ್ಕಕ್ಕೆ ಹಾಕುವುದೇ ಒಂದು ಸಾಧನೆ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ‘ಮ್ಯಾಶ್’ ಎಂಬ ಅಮೆರಿಕದ ಧಾರಾವಾಹಿಯ ಕೊನೆಯ ಕಂತನ್ನು 1983ರಲ್ಲಿಯೇ, ಆ ಒಂದು ದೇಶದಲ್ಲಿಯೇ, 10 ಕೋಟಿಗೂ ಹೆಚ್ಚು ಜನ ನೋಡಿದ್ದರು. ಏಳು ಹತ್ತಕ್ಕಿಂತ ಚಿಕ್ಕದೆಂಬ ಈ ಗಣಿತವನ್ನು ಕೆಲವರು ತೋರಿಸಿಕೊಟ್ಟರಾದರೂ ಅಷ್ಟರಲ್ಲಿ ಅಭಿಮಾನ ಊರು ಸುತ್ತಿ ಬಂದಾಗಿತ್ತು.

‘ಮ್ಯಾಶ್’ನ ಹೆಸರು ಬಂದದ್ದರಿಂದ ನಗುವಿನ ವಿಷಯವನ್ನೂ ಹೇಳಬೇಕು. ನೋಡುಗನಿಗೆ ಸ್ವಂತ ಅಭಿಪ್ರಾಯ ಬೇಡವೆಂಬ ತತ್ತ್ವವನ್ನು ಟೀವಿ ಬಹಳ ಹಿಂದೆಯೇ ಯಂತ್ರಕ್ಕೆ ಇಳಿಸಿತ್ತು. 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ಎಂಜಿನಿಯರ್ ಒಂದು ನಗೆಪೆಟ್ಟಿಗೆ ತಯಾರಿಸಿದರು. ಗುಂಡಿ ಒತ್ತಿದರೆ ಮುಸಿನಗು, ಇನ್ನೊಂದು ಒತ್ತಿದರೆ ಗಹಗಹಿಕೆ. ಕೊರಿಯಾ ಯುದ್ಧದ ನಡುವಿನ ಸೇನಾ ಆಸ್ಪತ್ರೆಯ ಕಥೆಯಾದ ‘ಮ್ಯಾಶ್’ಗೆ ಇಂಥ ನಗು ಬೇಡವೆಂದು ಅದನ್ನು ಮಾಡಿದವರು ಗೋಗರೆದರೂ ವಾಹಿನಿ ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು: ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಯಾರೂ ನಗಬಾರದು, ಬಾಗಿಲು ದಾಟಿ ಹೊರಬಂದ ಕೂಡಲೇ ನಗಬಹುದು. ಬಿಬಿಸಿ ಮಾತ್ರ ಈ ನಗುವನ್ನು ತೆಗೆದು ಪ್ರಸಾರ ಮಾಡಿತು. ಡಿವಿಡಿಯಲ್ಲಿ ನಗುವನ್ನು ಆರಿಸುವ ಅವಕಾಶವಿರುವುದರಿಂದ ಒಂದೇ ಕಂತನ್ನು ಎರಡು ಬಗೆಯಲ್ಲಿ ನೋಡಬಹುದು. ನಗು ಇದ್ದಾಗ ನಾಯಕ ಮಾತಿಗೊಂದು ಚಟಾಕಿ ಹಾರಿಸುವ ಉಡಾಳನಂತೆ ಕಾಣುತ್ತಾನೆ. ನಗು ತೆಗೆದಾಗ ಅದೇ ಮನುಷ್ಯ, ಅದೇ ಮಾತು, ನಿದ್ದೆಗೆಟ್ಟ ಡಾಕ್ಟರೊಬ್ಬ ಅಳಬಾರದೆಂದು ಹಟ ಹಿಡಿದು ತಮಾಷೆ ಮಾಡುತ್ತಿರುವಂತೆ ಕಾಣುತ್ತಾನೆ. ನನ್ನ ಮಟ್ಟಿಗೆ ಎರಡನೆಯದು ದೊಡ್ಡ ಧಾರಾವಾಹಿ, ಮೊದಲನೆಯದು ಕಾಲಹರಣ.

ಈಗ ‘ಪರಂಪರೆ’, ‘ಅಮೂಲ್ಯ ನಿಧಿ’ ಎಂದು ಕೈಮುಗಿಯುವ ಸಂಸ್ಥೆಗಳು ಒಂದು ಕಾಲದಲ್ಲಿ ಈ ನಿಧಿಯನ್ನು ಹೇಗೆ ಕಾಪಾಡಿದವು ಎಂಬುದು ಪ್ರತ್ಯೇಕ ಪುರಾಣ. ಆಗ ವಿಡಿಯೊ ಟೇಪು ದುಬಾರಿ, ಅದರ ಮೇಲಿದ್ದ ಕಾರ್ಯಕ್ರಮ ಅಗ್ಗ. ಹಾಗಾಗಿ 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ತನ್ನ ಹಳೆಯ ಟೇಪುಗಳನ್ನು ಅಳಿಸಿ, ಅವುಗಳ ಮೇಲೆಯೇ ಹೊಸ ಕಾರ್ಯಕ್ರಮಗಳನ್ನು ತುಂಬಿಸಿತು. ‘ಡಾಕ್ಟರ್ ಹೂ’ ಧಾರಾವಾಹಿಯೊಂದರಲ್ಲೇ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಕಾಣೆಯಾದವು. ಆ ಕಾಣೆಯಾದ ಕಂತುಗಳ ಧ್ವನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಅದಕ್ಕೆ ಕಾರಣ ಯಾವ ಸಂಗ್ರಹಾಲಯವೂ ಅಲ್ಲ, ಮನೆಯ ಟೀವಿಯ ಎದುರು ಟೇಪ್ ರೆಕಾರ್ಡರ್ ಹಿಡಿದು ಕುಳಿತ ಅಭಿಮಾನಿಗಳು. 2013ರಲ್ಲಿ ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ನಗರದ ಟೀವಿ ಕೇಂದ್ರದಲ್ಲಿ ಪತ್ತೆಯಾದಾಗ ಅಳಿಸಿದವರೇ ಮುಂದೆ ನಿಂತು ಸಂಭ್ರಮಿಸಿದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಅತ್ಯುತ್ತಮ ಗುಣಮಟ್ಟದ ಮೂಲ ಟೇಪುಗಳನ್ನೂ ಬಹುಶಃ ಅಳಿಸಿ ಮತ್ತೆ ಬಳಸಲಾಗಿದೆ ಎಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು. ನಮ್ಮಲ್ಲಿಯೂ ಹಳೆಯ ರೀಲುಗಳು ಬೆಳ್ಳಿ ತೆಗೆಯುವವರ ಪಾಲಾದವು. 1931ರ ‘ಆಲಂ ಆರಾ’ ಇಲ್ಲ, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಕೂಡ ಇಲ್ಲ. ಇವೆರಡರ ಬಗ್ಗೆ ಭಾಷಣ ಮಾಡುವವರಿಗೆ ಮಾತ್ರ ಇಂದಿಗೂ ಕೊರತೆಯಿಲ್ಲ. ಸಿನಿಮಾವೇ ಇಲ್ಲದಿರುವುದರಿಂದ ಯಾರೂ ಎದ್ದುನಿಂತು ‘ನಾನು ನೋಡಿದ್ದೇನೆ, ಅಷ್ಟೇನೂ ಚೆನ್ನಾಗಿಲ್ಲ’ ಎನ್ನುವ ಭಯವಿಲ್ಲ.

ಉಳಿದವುಗಳು ಶ್ರೇಷ್ಠವೆನಿಸಿಕೊಂಡ ಬಗೆಯೂ ನೋಡತಕ್ಕದ್ದು. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬಿಡುಗಡೆಯಾದಾಗ ಹಾಕಿದ ಬಂಡವಾಳವೂ ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯವನ್ನು ನವೀಕರಿಸುವುದನ್ನು ಯಾರೋ ಮರೆತರು, ಅದು ಬಿಟ್ಟಿಯಾಗಿ ಸಿಗತೊಡಗಿತು, ಬಿಟ್ಟಿ ಸಿಕ್ಕಿದ್ದನ್ನು ಟೀವಿ ಕೇಂದ್ರಗಳು ಪ್ರತಿವರ್ಷ ಕ್ರಿಸ್‌ಮಸ್‌ಗೆ ಹಾಕಿದ್ದೇ ಹಾಕಿದವು, ಚಿತ್ರ ಅಮರವಾಯಿತು. ಅದು ಒಳ್ಳೆಯ ಚಿತ್ರ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಅಮರತ್ವದ ಯಶಸ್ಸಿನಲ್ಲಿ ಕಡತ ಮರೆತ ಆ ಅನಾಮಿಕ ಗುಮಾಸ್ತನಿಗೂ ಒಂದು ಪಾಲು ಸಲ್ಲಬೇಕು.

ಹೊಗಳಿ ಹೊನ್ನಶೂಲಕ್ಕೇರಿಸುವುದು ನಮಗೆ ಹಳೆಯ ಅಭ್ಯಾಸ. ಏರಿಸಿದ ಮೇಲೆ ಅದಕ್ಕೆ ಬಣ್ಣ ಬಳಿಯುವುದು ಹೊಸದು. 1986ರಲ್ಲಿ ಟೆಡ್ ಟರ್ನರ್ ಎಂಬ ಟೀವಿ ಧಣಿ ಎಂಜಿಎಂ ಸಂಸ್ಥೆಯ ಚಿತ್ರಭಂಡಾರವನ್ನು ಕೊಂಡು, ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಹಾಕಿಸತೊಡಗಿದರು. 1988ರಲ್ಲಿ ‘ಕಾಸಾಬ್ಲಾಂಕಾ’ದ ಸರದಿ ಬಂತು. ನಿರ್ದೇಶಕರು ಬೊಬ್ಬೆ ಹೊಡೆದರು. ಅದಕ್ಕೆ ಬಣ್ಣದ ಪರವಾಗಿದ್ದವರ ಉತ್ತರ ಸರಳವಾಗಿತ್ತು: ಇಷ್ಟವಿಲ್ಲದವರು ತಮ್ಮ ಟೀವಿಯ ಬಣ್ಣದ ಗುಂಡಿ ತಿರುಗಿಸಿ ಕಪ್ಪು-ಬಿಳುಪು ಮಾಡಿಕೊಳ್ಳಲಿ. ಅಂದರೆ ಇದ್ದ ಬಣ್ಣವನ್ನು ಇಲ್ಲದಂತೆ ಮಾಡಿ ಇಲ್ಲದ ಬಣ್ಣದ ಮೂಲವನ್ನು ಪಡೆಯುವ ಹೊಣೆ ನೋಡುಗನದು. ‘ಸಿಟಿಜನ್ ಕೇನ್’ ಒಂದು ಬಚಾವಾದದ್ದು ಕಲೆಯ ಮೇಲಿನ ಗೌರವದಿಂದಲ್ಲ. ಆರ್ಸನ್ ವೆಲ್ಸ್ ಮಾಡಿಕೊಂಡಿದ್ದ ಕರಾರು ಅಡ್ಡ ಬಂದದ್ದರಿಂದ. ಸತ್ತ ಮೇಲೂ ಕಪ್ಪು-ಬಿಳುಪಿನಲ್ಲಿ ಉಳಿಯಬೇಕೆಂಬ ನಿರ್ದೇಶಕನಿಗೆ ಒಳ್ಳೆಯ ಕ್ಯಾಮೆರಾಮನ್‌ಗಿಂತ ಒಳ್ಳೆಯ ವಕೀಲ ಮುಖ್ಯ.

ನಾವೇನು ಹಿಂದೆ ಬಿದ್ದವರಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ಹೊದ್ದು ಮರಳಿ ಬಂತು, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ಒಂದು ಸುಳ್ಳು ಹೇಳಲಾರದೆ ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡವನ ಕಥೆಗೆ ಬಣ್ಣ ಕಟ್ಟಬಹುದೆಂದು ತೋರಿದ ಮನಸ್ಸಿನ ಧೈರ್ಯವನ್ನು ಮೆಚ್ಚಲೇಬೇಕು. ಆ ಚಿತ್ರದ ಸ್ಮಶಾನದ ಭಾಗದಲ್ಲಿ ಕತ್ತಲು ಮತ್ತು ಬೂದು ಬಣ್ಣಗಳೇ ಅರ್ಧ ನಟನೆ ಮಾಡುತ್ತವೆ. ಅಲ್ಲಿ ನಿಂತ ರಾಜನ ಮುಖದ ಮೇಲೆ ಬೀಳುವ ನೆರಳನ್ನು ಛಾಯಾಗ್ರಾಹಕರು ಲೆಕ್ಕ ಹಾಕಿ ಬೀಳಿಸಿದ್ದಾರೆ. ಬಣ್ಣ ಹಾಕುವವರ ಕಣ್ಣಿಗೆ ನೆರಳೆಂದರೆ ಖಾಲಿ ಬಿಟ್ಟ ಜಾಗ. ಮೂಲವನ್ನು ಮನೆಯಲ್ಲಿ ಯಾರೂ ನೋಡುವುದಿಲ್ಲ, ಬಣ್ಣ ಹಾಕಿದರೆ ಹೊಸ ಪೀಳಿಗೆ ನೋಡುತ್ತದೆ ಎಂಬುದು ಅವರ ಸಮರ್ಥನೆ. ಹೀಗೆ ಹೊಸ ಪೀಳಿಗೆ ನೋಡಿದ್ದು ಯಾವ ಚಿತ್ರವನ್ನು ಎಂಬ ಪ್ರಶ್ನೆಗೆ ಸಮರ್ಥನೆಯಲ್ಲಿ ಜಾಗವಿಲ್ಲ.

‘ಇದ್ದ ಬಣ್ಣವನ್ನೇ ಮರಳಿ ಕೊಡುತ್ತಿದ್ದೇವೆ’ ಎಂಬ ಇನ್ನೊಂದು ವಾದವೂ ಇದೆ. ಇದನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ ಬಹಳ ಮಜವಾಗುತ್ತದೆ. ಕಪ್ಪು-ಬಿಳುಪು ಕಾಲದ ಸೆಟ್ಟುಗಳಲ್ಲಿ ಬಣ್ಣವನ್ನು ಆರಿಸುತ್ತಿದ್ದದ್ದು ಅದು ಪರದೆಯ ಮೇಲೆ ಯಾವ ಬೂದಾಗಿ ಕಾಣುತ್ತದೆ ಎಂಬುದನ್ನು ನೋಡಿ. 1964ರಲ್ಲಿ ಶುರುವಾದ ‘ದಿ ಆಡಮ್ಸ್ ಫ್ಯಾಮಿಲಿ’ ಎಂಬ ಭೂತಬಂಗಲೆಯ ಹಾಸ್ಯ ಧಾರಾವಾಹಿಯಲ್ಲಿ ಆ ಕರಾಳ ಹಜಾರ ನಿಜದಲ್ಲಿ ಢಾಳಾದ ಗುಲಾಬಿ ಬಣ್ಣದ್ದಾಗಿತ್ತು. 1950ರ ದಶಕದ ‘ಸೂಪರ್‌ಮ್ಯಾನ್’ ಧಾರಾವಾಹಿಯ ಮೊದಲ ಕಂತುಗಳಲ್ಲಿ ನಾಯಕ ಧರಿಸಿದ್ದು ಕಂದು ಮತ್ತು ಬೂದು ಬಣ್ಣದ ಉಡುಪು. ‘ಸೈಕೋ’ ಚಿತ್ರದ ಸ್ನಾನದ ಕೋಣೆಯಲ್ಲಿ ಹರಿದ ನೆತ್ತರು ಚಾಕೊಲೇಟ್ ಪಾಕ. ಆದ್ದರಿಂದ ಮೂಲಕ್ಕೆ ನಿಷ್ಠರಾದ ಬಣ್ಣಗಾರರು ಭೂತಗಳನ್ನು ಗುಲಾಬಿ ಹಜಾರದಲ್ಲಿ ಕೂರಿಸಿ, ಕಂದು ಸೂಪರ್‌ಮ್ಯಾನನ್ನು ಆಕಾಶಕ್ಕೆ ಹಾರಿಸಿ, ಕೊಲೆಯಾದವಳ ಮೈಯಿಂದ ಮಿಠಾಯಿ ಹರಿಸಬೇಕು. ಅಷ್ಟು ನಿಷ್ಠೆ ಇದ್ದರೆ ನಾನೂ ಟಿಕೆಟು ಕೊಂಡು ಹೋಗಿ ನೋಡಿಯೇನು.

ಬಣ್ಣದ ಕಾಟ ಕಪ್ಪು-ಬಿಳುಪಿನವುಗಳಿಗೆ ಮಾತ್ರವಾದರೆ ಕತ್ತರಿಯ ಕಾಟ ಎಲ್ಲಕ್ಕೂ ಉಂಟು. ಹಳೆಯ ಟೀವಿಯ ಪರದೆ ನಾಲ್ಕಕ್ಕೆ ಮೂರರ ಅಳತೆಯದು, ಈಗಿನದು ಹದಿನಾರಕ್ಕೆ ಒಂಬತ್ತರದು. ಇಕ್ಕೆಲಗಳಲ್ಲಿ ಕಪ್ಪು ಪಟ್ಟಿ ಬಿಟ್ಟರೆ ಹಳೆಯ ಚಿತ್ರ ಇದ್ದಂತೆಯೇ ಕಾಣುತ್ತದೆ. ಆದರೆ ಕಪ್ಪು ಪಟ್ಟಿ ಕಂಡರೆ ಗಿರಾಕಿಗೆ ದುಡ್ಡು ದಂಡವಾದಂತೆ ಅನ್ನಿಸುತ್ತದೆಯೆಂದು ಭಾವಿಸಿ, ಚಿತ್ರವನ್ನು ಅಗಲಕ್ಕೆ ಹಿಗ್ಗಿಸಿ, ಮೇಲೆ ಕೆಳಗೆ ಮಿಕ್ಕಿದ್ದನ್ನು ಕತ್ತರಿಸಿಬಿಡುತ್ತಾರೆ. ಹೀಗೆ ಮಾಡಿದರೆ ಮೂಲ ಚೌಕಟ್ಟಿನ ಸರಿಯಾಗಿ ಕಾಲು ಭಾಗ ಹೋಗುತ್ತದೆ. ‘ಸೈನ್‌ಫೆಲ್ಡ್’ ಧಾರಾವಾಹಿಯಲ್ಲಿ 1997ರ ಒಂದು ಕಂತಿದೆ. ಅದರ ಹೆಸರೇ ‘ದಿ ಪಾಟ್‌ಹೋಲ್’, ಅರ್ಥಾತ್ ರಸ್ತೆಯ ಗುಂಡಿ. 2021ರಲ್ಲಿ ನೆಟ್‌ಫ್ಲಿಕ್ಸ್ ಈ ಧಾರಾವಾಹಿಯನ್ನು ಅಗಲದ ಅಳತೆಯಲ್ಲಿ ತಂದಾಗ, ಪಾತ್ರಗಳು ನಿಂತು ಗುಂಡಿಯನ್ನು ನೋಡುವ ದೃಶ್ಯದಲ್ಲಿ ಗುಂಡಿಯೇ ಚೌಕಟ್ಟಿನಿಂದ ಹೊರಗೆ ಬಿದ್ದಿತ್ತು. ತಲೆ ಬಗ್ಗಿಸಿ ನಿಂತಿದ್ದಾರೆ, ದಿಟ್ಟಿಸುತ್ತಿದ್ದಾರೆ, ಏನನ್ನೆಂದು ಮಾತ್ರ ಯಾರೂ ಕೇಳುವಂತಿಲ್ಲ. ರಸ್ತೆಗುಂಡಿಯನ್ನು ಮುಚ್ಚದೆಯೂ ಕಾಣದಂತೆ ಮಾಡುವ ಈ ಉಪಾಯ ಇನ್ನೂ ಯಾವ ನಗರಪಾಲಿಕೆಗೂ ಹೊಳೆದಿಲ್ಲವೆಂಬುದೇ ಆಶ್ಚರ್ಯ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸೇವೆಯೂ ಹಳೆಯದಕ್ಕೆ ಸಲ್ಲುತ್ತಿದೆ. 1987ರಲ್ಲಿ ಶುರುವಾದ ‘ಎ ಡಿಫರೆಂಟ್ ವರ್ಲ್ಡ್’ 2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಕಾಣಿಸಿಕೊಂಡಾಗ, ಯಂತ್ರವು ಸ್ಪಷ್ಟಗೊಳಿಸಲು ಹೊರಟ ಮುಖಗಳು ಕರಗಿದ ಮೇಣದಂತಾಗಿದ್ದವು, ಹಿನ್ನೆಲೆಯ ಬರಹಗಳು ಯಾವ ಭಾಷೆಗೂ ಸೇರದ ಲಿಪಿಯಾಗಿದ್ದವು. ಮಸುಕಾದ ಮುಖವನ್ನು ನೋಡುಗನ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಸ್ಪಷ್ಟವಾಗಿ ವಿಕಾರವಾದದ್ದನ್ನು ಏನೂ ಮಾಡಲಾಗದು. ಇಷ್ಟು ಸರಳ ಸಂಗತಿಯನ್ನು ಹೇಳಿದರೆ ‘ತಂತ್ರಜ್ಞಾನ ಬೆಳೆಯುವುದು ಬೇಡವೇ’ ಎಂದು ಕೇಳುತ್ತಾರೆ. ಬೆಳೆಯಲಿ. ಈಗಾಗಲೇ ಬೆಳೆದು ನಿಂತವರ ಮುಖದ ಮೇಲೆ ಬೇಡ.

ದೂರಿಗೆ ಓಗೊಟ್ಟ ಉದಾಹರಣೆ ಇಲ್ಲವೇ ಇಲ್ಲ ಎನ್ನಲಾಗದು. 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ‘ದಿ ಸಿಂಪ್ಸನ್ಸ್’ನ ಹಳೆಯ ಕಂತುಗಳನ್ನು ಇದೇ ರೀತಿ ಕತ್ತರಿಸಿ ಹಾಕಿತು. ಅದರಲ್ಲಿ ಬಿಯರ್ ಕಾರ್ಖಾನೆಯ ಒಂದು ದೃಶ್ಯ: ಮೂರು ಬೇರೆ ಬೇರೆ ಹೆಸರಿನ ಮೂರು ತೊಟ್ಟಿಗಳು, ಮೂರಕ್ಕೂ ಮೇಲಿನಿಂದ ಇಳಿಯುವ ಕೊಳವೆ ಮಾತ್ರ ಒಂದೇ. ನಗೆಯೆಲ್ಲ ಆ ಕೊಳವೆಯಲ್ಲಿದೆ, ಮತ್ತು ಕತ್ತರಿ ಬಿದ್ದದ್ದು ಕೊಳವೆಗೇ. ಅಭಿಮಾನಿಗಳು ಗಲಾಟೆಯೆಬ್ಬಿಸಿದ ಮೇಲೆ, ಆರು ತಿಂಗಳು ಕಳೆದು, 2020ರ ಮೇ ತಿಂಗಳಲ್ಲಿ ಮೂಲ ಅಳತೆಯಲ್ಲಿ ನೋಡುವ ಸೌಲಭ್ಯ ಬಂತು. ಆದರೆ ಕಂತು ಹಾಕಿದರೆ ತಾನಾಗಿ ಬರುವುದು ಕತ್ತರಿಸಿದ್ದೇ. ಮೂಲ ಬೇಕೆಂಬುವವರು ವಿವರಗಳ ಪುಟಕ್ಕೆ ಹೋಗಿ, ಅಲ್ಲಿರುವ ಒಂದು ಗುಂಡಿಯನ್ನು ಹುಡುಕಿ, ‘ಸುಧಾರಿತ ಅಳತೆ’ಯನ್ನು ತಾವೇ ಆಫ್ ಮಾಡಿಕೊಳ್ಳಬೇಕು.